ಅಕ್ಕಾ ಕೋಟೆಯ ನೆಲದ ಬಾಗಿಲು

ಮೆಡಿಟರೇನಿಯನ್ ಸಮುದ್ರದ ಪೂರ್ವ ದಂಡೆಯಲ್ಲಿ, ಹೈಫಾ ಕೊಲ್ಲಿಯ ಉತ್ತರದ ತುದಿಯಲ್ಲಿ, ನೀರಿನೊಳಕ್ಕೆ ಚಾಚಿಕೊಂಡ ಸಣ್ಣ ಭೂಶಿರವೊಂದಿದೆ. ಇಂದಿನ ಇಸ್ರೇಲಿನ ಹಳೇ ಬಂದರು ಊರು ಅಕ್ಕಾ ಇರುವುದು ಅದರ ಮೇಲೆ. ಪಶ್ಚಿಮಕ್ಕೂ ದಕ್ಷಿಣಕ್ಕೂ ಸಮುದ್ರ, ಉತ್ತರಕ್ಕೂ ಪೂರ್ವಕ್ಕೂ ನೆಲ. ಇಂಥ ಊರಿಗೆ ಎರಡು ಥರದ ಬಾಗಿಲು ಬೇಕು, ದೋಣಿಯಿಂದ ಇಳಿದವರಿಗೆ ಒಂದು, ಒಂಟೆಯ ಮೇಲೆ ಬಂದವರಿಗೆ ಇನ್ನೊಂದು. ಒಂಟೆಯವರ ಬಾಗಿಲಿಗೆ ಅರಬ್ಬಿಯಲ್ಲಿ ಬಾಬ್ ಅಲ್-ಬರ್ರ್ ಎಂದು ಹೆಸರು. ಬರ್ರ್ ಎಂದರೆ ನೆಲ. ಪೂರ್ವದ ಗೋಡೆಯ ದಕ್ಷಿಣದ ಕೊನೆಯಲ್ಲಿ, ಸಮುದ್ರದ ಅಂಚಿಗೆ ಹತ್ತಿರದಲ್ಲಿ ಅದು ಈಗಲೂ ನಿಂತಿದೆ. ಇವತ್ತು ನಾವು ಮಾತಾಡುವುದು ಇದರ ಬಗ್ಗೆ.

ಅಲ್ಲಿ ಹೋದವರು ಮೊದಲು ಕೇಳುವ ಪ್ರಶ್ನೆ ಒಂದೇ: ಇಷ್ಟು ಯುದ್ಧ ಕಂಡ ಊರಿನಲ್ಲಿ ಬಾಗಿಲು ಹೇಗೆ ಉಳಿಯಿತು? ಗಟ್ಟಿಯಾಗಿತ್ತು, ಅದಕ್ಕೇ ಉಳಿಯಿತು ಎಂದು ಮಾರ್ಗದರ್ಶಿಗಳು ಹೇಳಿಬಿಡುತ್ತಾರೆ. ಅದು ಸರಿಯಲ್ಲ. ಯಾವ ಕೋಟೆಯಲ್ಲೂ ಬಾಗಿಲೇ ದುರ್ಬಲ ಜಾಗ. ಅದು ಉಳಿದದ್ದು ಎರಡು ಕಾರಣಕ್ಕೆ. ಮುತ್ತಿಗೆ ಹಾಕಿದವರಿಗೆ ಬೇರೆ ಕಡೆ ಕಂಡಿ ಕೊರೆಯುವುದು ಲಾಭ ಎನಿಸಿತು. ಆಮೇಲೆ ಊರನ್ನು ಆಳಿದವರಿಗೂ ದಾರಿ ಬೇಕಾದಾಗ ಬೇರೆ ಕಡೆಯೇ ಗೋಡೆ ಒಡೆಯುವುದು ಸುಲಭವಾಯಿತು. ಎರಡು ಸಲವೂ ಪೆಟ್ಟು ತಿಂದದ್ದು ಗೋಡೆ.

ಮೊದಲು ಕೋಟೆಬಾಗಿಲು ಎಂದರೆ ಏನೇನು ಎಂದು ನೋಡೋಣ. ಕಲ್ಲಿನ ಕಮಾನು, ಅದರ ಹಿಂದೆ ಎರಡು ಕದ, ಕದದ ಹಿಂದೆ ಮೇಲ್ಗಡೆ ಕಮಾನು ಕಟ್ಟಿದ ಓಣಿ. ಕದದ ಮೈ ದಪ್ಪ ಮರದ ಹಲಗೆ. ಹೊರಮುಖಕ್ಕೆ ಕಬ್ಬಿಣದ ತಗಡು ಹೊದಿಸಿ, ಸಾಲಾಗಿ ಮೊಳೆ ಹೊಡೆದಿರುತ್ತಾರೆ. ತಗಡು ಇರುವುದು ಗುಂಡಿಗೆ ಅಡ್ಡವಾಗಲಿ ಎಂದಲ್ಲ, ಬೆಂಕಿಗೆ. ಎಣ್ಣೆ ಸುರಿದ ಸೌದೆಯ ಹೊರೆಯನ್ನು ಕದಕ್ಕೆ ಒರಗಿಸಿ ಹಚ್ಚಿದರೆ ಬರೀ ಮರ ಗಂಟೆಯೊಳಗೆ ಹೋಯಿತು. ತಗಡಿದ್ದರೆ ಹೊತ್ತು ಸಿಗುತ್ತದೆ, ಆ ಹೊತ್ತಿನಲ್ಲಿ ಮೇಲಿನಿಂದ ನೀರೂ ಕಲ್ಲೂ ಬೀಳುತ್ತವೆ. ಆಟೋಮನ್ ತುರ್ಕರ ಕಾಲದ ಇಂಥ ಕದಗಳು ಸಾಮಾನ್ಯವಾಗಿ ತಿರುಗುವುದು ಪಕ್ಕದ ಕೀಲಿನ ಮೇಲಲ್ಲ. ಕದದ ಅಂಚಿನ ತೊಲೆಯೇ ಮೇಲೂ ಕೆಳಗೂ ಗೂಟದ ಹಾಗೆ ಚಾಚಿಕೊಂಡು ಕಲ್ಲಿನ ಕುಳಿಯಲ್ಲಿ ಕೂತಿರುತ್ತದೆ. ನಮ್ಮ ಹಳೇ ತೊಟ್ಟಿಮನೆಯ ತಲೆಬಾಗಿಲನ್ನು ನೆನೆಸಿಕೊಳ್ಳಿ, ಅದೇ ಉಪಾಯ. ಇದರ ರೋಗವೂ ಒಂದೇ. ಕೆಳಗಿನ ಕುಳಿ ಸವೆದಂತೆ ಕದ ಜೋತು ಹೊಸ್ತಿಲನ್ನು ಉಜ್ಜುತ್ತದೆ, ಉಜ್ಜಿದಂತೆ ನೆಲದಲ್ಲಿ ಬಿಲ್ಲಿನಾಕಾರದ ಗೀರು ಬೀಳುತ್ತದೆ. ಹಳೇ ಕೋಟೆಗಳಲ್ಲಿ ಕದವೇ ಇಲ್ಲದಿದ್ದರೂ ಆ ಗೀರು ನೋಡಿ ಕದ ಎಷ್ಟು ಅಗಲವಿತ್ತು, ಯಾವ ಕಡೆಗೆ ತೆರೆಯುತ್ತಿತ್ತು ಎಂದು ಹೇಳಬಹುದು.

ಈಗ ಇತಿಹಾಸಕ್ಕೆ ಬರೋಣ. 1291ರಲ್ಲಿ ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರು, ಯುರೋಪಿನಿಂದ ಧರ್ಮಯುದ್ಧಕ್ಕೆ ಬಂದಿದ್ದ ಕ್ರುಸೇಡರ್‌ಗಳಿಂದ ಅಕ್ಕಾವನ್ನು ಕಿತ್ತುಕೊಂಡು ಕೆಡವಿದರು. ಆಮೇಲೆ ನಾನೂರೈವತ್ತು ವರ್ಷ ಅದು ಹೆಚ್ಚುಕಡಿಮೆ ಹಾಳೂರು. 1516ರಲ್ಲಿ ಆ ಸೀಮೆ ಆಟೋಮನ್ನರದಾದರೂ ಊರಿಗೆ ಜೀವ ಬಂದದ್ದು ಹದಿನೆಂಟನೇ ಶತಮಾನದ ನಡುವೆ, ಜಾಹಿರ್ ಅಲ್-ಉಮರ್ ಎಂಬ, ಅಕ್ಕಾದ ಪೂರ್ವಕ್ಕಿರುವ ಗಲಿಲಿ ಸೀಮೆಯ ಸ್ಥಳೀಯ ನಾಯಕನಿಂದ. ನಮ್ಮ ಪಾಳೆಯಗಾರರು ಗೊತ್ತಿರುವವರಿಗೆ ಈತನನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಹೆಸರಿಗೆ ಸುಲ್ತಾನನ ಪರವಾಗಿ ಕಂದಾಯ ಎತ್ತುವವನು, ನಡೆಯಲ್ಲಿ ಸ್ವತಂತ್ರ. ಗಲಿಲಿಯ ಹತ್ತಿಯನ್ನು ಫ್ರೆಂಚ್ ವರ್ತಕರಿಗೆ ಮಾರಿ ಹಣ ಮಾಡಿದ. ಹಣ ಬಂದ ಮೇಲೆ ಗೋಡೆ ಬೇಕಾಯಿತು, 1750ರ ಹೊತ್ತಿಗೆ ಕಟ್ಟಿಸಿದ. ಅದು ತೆಳ್ಳಗಿನ ಗೋಡೆ. ದರೋಡೆಕೋರರನ್ನೂ ಮರುಭೂಮಿಯ ಅಲೆಮಾರಿ ಬೆದೂಯಿನ್‌ಗಳ ಕುದುರೆ ದಂಡನ್ನೂ ತಡೆಯಬಲ್ಲದು, ಫಿರಂಗಿಯನ್ನಲ್ಲ. ಸುತ್ತಳತೆಯೂ ಕ್ರುಸೇಡರ್ ಊರಿಗಿಂತ ತೀರ ಚಿಕ್ಕದು. ಹಳೇ ಊರಿನ ಕಲ್ಲು ಕಿತ್ತೇ ಹೊಸ ಗೋಡೆ ಎದ್ದದ್ದು. ಒಂದೇ ಗೋಡೆಯಲ್ಲಿ ಬೇರೆ ಬೇರೆ ಕಾಲದ ಕೆತ್ತನೆಯ ಕಲ್ಲು ಕಂಡರೆ ಗಾಬರಿಯಾಗಬೇಡಿ, ಅದು ಆ ಊರಿನ ಕಟ್ಟಡದ ಗುಣ.

1775ರಲ್ಲಿ ಜಾಹಿರ್ ಕೊಲೆಯಾದ. ಅವನ ಜಾಗಕ್ಕೆ ಬಂದವನು ಬೋಸ್ನಿಯಾದಲ್ಲಿ ಹುಟ್ಟಿದ ಅಹ್ಮದ್ ಪಾಶಾ. ಜನ ಇಟ್ಟ ಹೆಸರು ಅಲ್-ಜಝ್ಝಾರ್, ಅಂದರೆ ಕಟುಕ. ಕ್ರೂರಿಯೂ ಹೌದು, ಕಟ್ಟಿಸುವ ಹುಚ್ಚಿನವನೂ ಹೌದು. ಅವನ ಹೆಸರಿನ ಮಸೀದಿ 1781ರದು, ಬಂದರಿನ ಪಕ್ಕದ ಕಂಬಗಳ ವರ್ತಕರ ಛತ್ರ ಖಾನ್ ಅಲ್-ಉಮ್ದಾನ್ 1784ರದು. ಆದರೆ ಅಷ್ಟೆಲ್ಲ ಕಟ್ಟಿಸಿದವನು ಊರಿನ ಗೋಡೆಯನ್ನು ಮಾತ್ರ ಬಹುಮಟ್ಟಿಗೆ ಜಾಹಿರ್ ಬಿಟ್ಟುಹೋದ ಹಾಗೇ ಇಟ್ಟುಕೊಂಡಿದ್ದ. 1799ರ ಮಾರ್ಚ್ 18ರಂದು ಆ ತೆಳು ಗೋಡೆಯ ಮುಂದೆ ನೆಪೋಲಿಯನ್ ಬೋನಪಾರ್ಟ್ ಬಂದು ನಿಂತ.

ಇಲ್ಲಿ ಒಂದು ಕ್ಷಣ ಶ್ರೀರಂಗಪಟ್ಟಣಕ್ಕೆ ಹೋಗಿಬರಬೇಕು, ಏಕೆಂದರೆ ಎರಡೂ ಕಥೆ ಒಂದೇ ವರ್ಷದವು, ಒಂದಕ್ಕೊಂದು ಹೆಣೆದುಕೊಂಡವು. 1798ರ ಸೆಪ್ಟೆಂಬರ್‌ನಲ್ಲಿ ಆಟೋಮನ್ ಸುಲ್ತಾನ್ ಮೂರನೇ ಸಲೀಮ್ ಟಿಪ್ಪುವಿಗೆ ಕಾಗದ ಬರೆದ. ಫ್ರೆಂಚರು ಈಜಿಪ್ಟಿಗೆ ನುಗ್ಗಿದ್ದಾರೆ, ಅವರ ಸ್ನೇಹ ಬಿಡು ಎಂಬುದು ಅದರ ಸಾರ. ಆ ಕಾಗದ ಟಿಪ್ಪುವಿಗೆ ತಲುಪಿದ್ದು ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಮೂಲಕ. ಇತ್ತ 1799ರ ಜನವರಿ ಕೊನೆಯಲ್ಲಿ ಬೋನಪಾರ್ಟ್ ಕೈರೋದಿಂದ ಟಿಪ್ಪುವಿಗೆ ಬರೆದ ಕಾಗದ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅದಾಗಿ ನಾಲ್ಕೇ ದಿನಕ್ಕೆ, ಮೇ 8ರಂದು, ಬೋನಪಾರ್ಟ್‌ನ ಸೈನಿಕರು ಅಕ್ಕಾದ ಗೋಡೆಯ ಕಂಡಿಯೊಳಗೆ ನುಗ್ಗಿದರು. ಅಲ್ಲಿ ಕೋಟೆ ಬೀಳಲಿಲ್ಲ.

ಯಾಕೆ ಬೀಳಲಿಲ್ಲ ಎನ್ನುವುದರಲ್ಲಿ ನಮ್ಮ ಬಾಗಿಲಿನ ಕಥೆ ಇದೆ.

ಮುತ್ತಿಗೆಯ ಲೆಕ್ಕ ಹೀಗೆ. ಬಾಗಿಲನ್ನು ನೇರವಾಗಿ ಹೊಡೆಯುವುದು ದಡ್ಡತನ. ಬಾಗಿಲಿನ ಎರಡೂ ಪಕ್ಕದಿಂದ ಗುಂಡು ಬರುತ್ತದೆ, ಮುರಿದರೂ ಒಳಗೆ ಇಕ್ಕಟ್ಟಾದ ಓಣಿ, ಒಂದು ಗಾಡಿ ಅಡ್ಡ ತಳ್ಳಿದರೆ ಮುಗಿಯಿತು. ಅದರ ಬದಲು ಹೊರಕ್ಕೆ ಚಾಚಿಕೊಂಡ ಮೂಲೆಯನ್ನು ಹುಡುಕಬೇಕು. ಮೂಲೆಯ ಎದುರಿನ ನೆಲದ ಮೇಲೆ ಕೋಟೆಯ ಫಿರಂಗಿಗಳು ಕಡಿಮೆ ತಿರುಗುತ್ತವೆ. ಅಕ್ಕಾದಲ್ಲಿ ಅಂಥದು ಈಶಾನ್ಯ ಮೂಲೆಯ ಬುರುಜು. ಎದುರಿಗೆ ಹಾಳುಗೋಡೆಗಳೂ ನೀರು ತರುವ ಕಾಲುವೆಯ ಕಮಾನುಗಳೂ ಇದ್ದವು, ಕಂದಕ ತೋಡುವವರಿಗೆ ಮರೆ. ಬಾಗಿಲಾದರೋ ಇನ್ನೊಂದು ತುದಿಯಲ್ಲಿ, ಸಮುದ್ರದ ಪಕ್ಕ. ಆ ಸಮುದ್ರದಲ್ಲಿ ಬ್ರಿಟಿಷ್ ನೌಕಾಧಿಕಾರಿ ಸಿಡ್ನಿ ಸ್ಮಿತ್‌ನ ಟೀಗ್ರ್, ಥೀಸಿಯಸ್ ಎಂಬ ಬ್ರಿಟಿಷ್ ಹಡಗುಗಳಿದ್ದವು. ಬಾಗಿಲ ಕಡೆ ದಂಡು ಕಟ್ಟಿದರೆ ಪಕ್ಕೆಗೆ ಹಡಗಿನ ಗುಂಡು ಬೀಳುವುದು ಖಚಿತ. ಬೋನಪಾರ್ಟ್ ಈಶಾನ್ಯ ಬುರುಜನ್ನೇ ಆರಿಸಿಕೊಂಡ. ಬಾಗಿಲು ಬದುಕಿಕೊಂಡಿತು.

ಆರಿಸಿದ್ದು ಸರಿ, ಆದರೆ ಕೈಯಲ್ಲಿ ಸಾಮಾನಿರಲಿಲ್ಲ. ಗೋಡೆ ಒಡೆಯುವ ದೊಡ್ಡ ಫಿರಂಗಿಗಳನ್ನು ಈಜಿಪ್ಟಿನಿಂದ ಹಡಗಿನಲ್ಲಿ ಕಳಿಸಿದ್ದರು. ಆ ಹಡಗುಗಳನ್ನು ಸ್ಮಿತ್ ಹಿಡಿದ, ಅವೇ ಫಿರಂಗಿಗಳು ಅಕ್ಕಾದ ಗೋಡೆಯ ಮೇಲೆ ಹತ್ತಿ ಫ್ರೆಂಚರ ಕಡೆಗೆ ಬಾಯಿ ತೆರೆದವು. ಫ್ರೆಂಚರ ಹತ್ತಿರ ಉಳಿದದ್ದು ಬಯಲಿನ ಕಾಳಗಕ್ಕೆ ಎಳೆದೊಯ್ಯುವ ಹಗುರ ಫಿರಂಗಿ. ಗುಂಡಿಗೂ ಬರ, ಎಷ್ಟೆಂದರೆ ಇಂಗ್ಲಿಷರು ಹೊಡೆದ ಗುಂಡನ್ನು ಆಯ್ದು ತಂದ ಸೈನಿಕರಿಗೆ ದುಡ್ಡು ಕೊಡುತ್ತಿದ್ದರು.

ಗೋಡೆಗೆ ಕಂಡಿ ಹೊಡೆಯುವುದಕ್ಕೂ ಒಂದು ಕ್ರಮವಿದೆ. 24 ಪೌಂಡಿನ ಗುಂಡು ಹಾರಿಸುವ ಫಿರಂಗಿಗಳನ್ನು ಹತ್ತಿರ ತಂದು, ಮೊದಲು ಗೋಡೆಯ ಕೆಳಭಾಗದಲ್ಲಿ ಅಡ್ಡಗೆರೆ ಎಳೆದ ಹಾಗೆ ಹೊಡೆಯುತ್ತಾರೆ. ಆಮೇಲೆ ಎರಡು ತುದಿಯಲ್ಲಿ ಮೇಲ್ಮುಖವಾಗಿ. ನಡುವಿನ ತುಂಡು ತನ್ನ ಭಾರಕ್ಕೆ ತಾನೇ ಕುಸಿದು ಕಂದಕಕ್ಕೆ ಬೀಳುತ್ತದೆ, ಬಿದ್ದ ಕಲ್ಲುರಾಶಿಯೇ ಹತ್ತುವ ಇಳಿಜಾರಾಗುತ್ತದೆ. ಹಗುರ ಫಿರಂಗಿಗೆ ಇದು ಸಾಧ್ಯವಿಲ್ಲ. ಬುರುಜಿನ ಮೈಯಲ್ಲಿ ಒಂದು ತೂತು ಬಿತ್ತು, ಕಲ್ಲುರಾಶಿ ಬೀಳಲಿಲ್ಲ. ಮಾರ್ಚ್ 28ರಂದು ಮೊದಲ ಲಗ್ಗೆಗೆ ಓಡಿದವರಿಗೆ ಕಂದಕ ಅಂದುಕೊಂಡದ್ದಕ್ಕಿಂತ ಆಳವಾಗಿ ಕಂಡಿತು, ಏಣಿ ಮೋಟಾಯಿತು. ತೂತು ತಲೆಯ ಮೇಲೆ ಉಳಿಯಿತು, ಅವರು ಕಂದಕದಲ್ಲಿ ಸತ್ತರು. ಆಮೇಲೆ ಬುರುಜಿನ ಬುಡಕ್ಕೆ ಸುರಂಗ ತೋಡಲು ಹೊರಟರು. ಏಪ್ರಿಲ್ 7ರಂದು ಕೋಟೆಯವರೇ ಬ್ರಿಟಿಷ್ ಮರೀನ್ ಸೈನಿಕರ ಜೊತೆಗೂಡಿ ಹೊರನುಗ್ಗಿ ಸುರಂಗ ಕೆಡಿಸಲು ನೋಡಿದರು. ಹೀಗೆ ಹೊರಬೀಳುವ ದಾಳಿಗೂ ಬಾಗಿಲು ಬೇಕು ಎನ್ನುವುದನ್ನು ಮರೆಯಬೇಡಿ. ಕೋಟೆಬಾಗಿಲು ಒಳಗಿನವರ ಆಯುಧವೂ ಹೌದು.

ಏಪ್ರಿಲ್ ಕೊನೆಗೆ ಫ್ರೆಂಚರಿಗೆ ಯಾಫಾ ಮಾರ್ಗವಾಗಿ ಕೆಲವು ದೊಡ್ಡ ಫಿರಂಗಿ ಬಂದವು. ನಿಜವಾದ ಕಂಡಿ ಆಗ ಬಿತ್ತು. ಆದರೆ ಒಳಗಿದ್ದ ಎಂಜಿನಿಯರ್ ಫೆಲಿಪೋ ಒಬ್ಬ ಫ್ರೆಂಚ್ ರಾಜನಿಷ್ಠ, ಪ್ಯಾರಿಸ್ ಸೈನಿಕ ಶಾಲೆಯಲ್ಲಿ ಬೋನಪಾರ್ಟ್‌ನ ಸಹಪಾಠಿ. ಎಲ್ಲಿ ಕಂಡಿ ಬೀಳುತ್ತದೆ ಎಂದು ಮೊದಲೇ ಊಹಿಸಿ, ಅದರ ಹಿಂದೆ ಪಾಶಾನ ಅರಮನೆಯ ತೋಟದಲ್ಲಿ ಇನ್ನೊಂದು ಗೋಡೆ ಎಬ್ಬಿಸುವ ಕೆಲಸ ಶುರುಮಾಡಿಸಿದ್ದ. ಕೋಟೆ ಉಳಿಯಿತೋ ಇಲ್ಲವೋ ನೋಡಲು ಅವನು ಬದುಕಲಿಲ್ಲ, ಮೇ ತಿಂಗಳ ಮೊದಲಲ್ಲೇ ಬಿಸಿಲು, ಜ್ವರದಿಂದ ಸತ್ತ. ಮೇ 8ರಂದು ಜನರಲ್ ಲಾನ್‌ನ ಸೈನಿಕರು ಕಂಡಿ ದಾಟಿ ಗೆದ್ದೆವು ಎಂದುಕೊಂಡು ತೋಟಕ್ಕೆ ಇಳಿದರು. ಎದುರಿಗೆ ಹೊಸ ಗೋಡೆ, ಸುತ್ತ ಕೋವಿ. ಇಳಿದವರಲ್ಲಿ ಬಹಳ ಜನ ಹಿಂದಿರುಗಲಿಲ್ಲ. ಮೇ 10ರಂದು ಕೊನೆಯ ಲಗ್ಗೆ, ಜನರಲ್ ಬೋನ್‌ಗೆ ಸಾಯುವಂಥ ಗಾಯವಾಯಿತು. ದಂಡಿನಲ್ಲಿ ಪ್ಲೇಗು. ಮೇ 20ರ ರಾತ್ರಿ ಫ್ರೆಂಚರು ಡೇರೆ ಕಿತ್ತರು. ಹೋಗುವ ಮೊದಲು ಊರಿಗೆ ನೀರು ತರುತ್ತಿದ್ದ ಕಬ್ರಿ ಕಾಲುವೆಯನ್ನು ಹಾಳುಗೆಡವಿದ್ದರು. ಅದನ್ನು ಮತ್ತೆ ಕಟ್ಟಿಸಿದ್ದು ಹದಿನೈದು ವರ್ಷ ಕಳೆದ ಮೇಲೆ, ಜಝ್ಝಾರ್‌ನ ನಂತರ ಊರನ್ನು ಆಳಿದ ಸುಲೇಮಾನ್ ಪಾಶಾ.

ಶ್ರೀರಂಗಪಟ್ಟಣದಲ್ಲೂ ಒಳಗೋಡೆ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು, ನಡುವೆ ಕಂದಕವೂ ಇತ್ತು. ವ್ಯತ್ಯಾಸ ಫಿರಂಗಿಯದು ಮತ್ತು ನೀರಿನದು. ಮುಂಗಾರಿನಲ್ಲಿ ಕಾವೇರಿ ತುಂಬುವ ಮೊದಲೇ ಮುಗಿಸಬೇಕೆಂದು ಬ್ರಿಟಿಷರು ದೊಡ್ಡ ಫಿರಂಗಿಗಳನ್ನು ಎತ್ತುಗಳಿಂದ ಎಳೆಸಿಕೊಂಡು ಬಂದಿದ್ದರು. ಬೇಸಿಗೆಯ ಹೊಳೆ ಅವರನ್ನು ತಡೆಯಲಿಲ್ಲ. ಅಕ್ಕಾಕ್ಕೆ ಸಮುದ್ರವೇ ಬೆನ್ನಿಗಿತ್ತು, ಮೇ 7ರಂದು ರೋಡ್ಸ್‌ನಿಂದ ಸುಲ್ತಾನನ ಹಡಗುಗಳು ಹೊಸ ದಂಡನ್ನು ತಂದು ಇಳಿಸಿದವು. ಟಿಪ್ಪುವಿಗೆ ಹಾಗೆ ಬರುವವರು ಯಾರೂ ಇರಲಿಲ್ಲ. ಅವನು ಬಿದ್ದದ್ದೂ ಒಂದು ಬಾಗಿಲ ಬಳಿ, ಹೊಳೆದಿಡ್ಡಿ ಬಾಗಿಲಿನಲ್ಲಿ.

ಗೆದ್ದ ಮೇಲೆ ಜಝ್ಝಾರ್ ಸುಮ್ಮನೆ ಕೂರಲಿಲ್ಲ, ಈ ಮಾತನ್ನು ಬಲವಾಗಿ ಹೇಳಬೇಕು. ಜಾಹಿರ್‌ನ ತೆಳು ಗೋಡೆಯನ್ನು ಒಳಗೋಡೆಯಾಗಿ ಉಳಿಸಿಕೊಂಡು ಅದರ ಹೊರಗೆ ಹೊಸ ಕೋಟೆ ಕಟ್ಟಿಸಿದ. ಎತ್ತರ ಕಡಿಮೆ, ದಪ್ಪ ಬಹಳ. ಎರಡು ಕಲ್ಲುಮುಖಗಳ ನಡುವೆ ಮಣ್ಣು ತುಂಬಿದ ಗೋಡೆ, ಮುಂದೆ ಕಂದಕ, ಅದರಾಚೆ ಬಯಲಿಗೆ ಜಾರುವ ಇಳಿಜಾರು ಮಣ್ಣು. ಕಲ್ಲು ಗುಂಡಿಗೆ ಸಿಡಿಯುತ್ತದೆ, ಮಣ್ಣು ಗುಂಡನ್ನು ನುಂಗುತ್ತದೆ. ಎತ್ತರದ ಗೋಡೆ ನೋಡಲು ಭಯಂಕರ, ಆದರೆ ಫಿರಂಗಿಯವನಿಗೆ ಅದು ದೊಡ್ಡ ಗುರಿ ಅಷ್ಟೆ. ಈಶಾನ್ಯ ಮೂಲೆಯಲ್ಲಿ ಬುರ್ಜ್ ಅಲ್-ಕುಮಾಂದರ್ ಎಂಬ ಭಾರಿ ಕೊತ್ತಲ ಎದ್ದಿತು. ಜಝ್ಝಾರ್ 1804ರಲ್ಲಿ ತೀರಿಕೊಂಡ, ಕೆಲಸ ಮುಗಿದದ್ದು ಸುಲೇಮಾನ್ ಪಾಶಾನ ಕಾಲಕ್ಕೆ. ಈ ಹೊಸ ಕೋಟೆಯಲ್ಲಿ ನೆಲದ ಕಡೆಯಿಂದ ಒಳಬರುವ ದಾರಿ ಒಂದೇ, ನಮ್ಮ ಬಾಗಿಲು. 1910ರವರೆಗೆ ಹಾಗೇ ಇತ್ತು.

ಒಂದೇ ಬಾಗಿಲು ಯಾಕೆ? ಕಾವಲು ಒಂದು ಕಾರಣ, ಸುಂಕ ಅದಕ್ಕಿಂತ ದೊಡ್ಡದು. ಗಲಿಲಿಯ ಹತ್ತಿ, ಸಿರಿಯಾದ ದಕ್ಷಿಣದ ಹೌರಾನ್ ಬಯಲಿನ ಗೋಧಿ ಹೊತ್ತ ಒಂಟೆಗಳು ಈ ಕಮಾನಿನ ಕೆಳಗೇ ಹಾಯಬೇಕು. ಒಳಗೆ ಸ್ವಲ್ಪ ದೂರಕ್ಕೇ ಖಾನ್ ಅಶ್-ಶವರ್ದಾ ಎಂಬ ಛತ್ರ, ಮುಂದೆ ಸೂಕ್ ಅಲ್-ಅಬ್ಯದ್ ಎಂಬ ಬಿಳಿ ಪೇಟೆ, ಕೊನೆಗೆ ಬಂದರಿನ ಛತ್ರಗಳು. ಊರಿನ ನಕ್ಷೆಯನ್ನು ಈ ಬಾಗಿಲಿನಿಂದ ಬಂದರಿನವರೆಗೆ ಬೆರಳಾಡಿಸಿ ನೋಡಿ, ಸರಕಿನ ದಾರಿ ತಾನಾಗಿ ಕಾಣುತ್ತದೆ. ಹೈಫಾದಿಂದ ಬರುವವರಿಗೆ ಬೇರೆ ರಸ್ತೆ ಇರಲಿಲ್ಲ. ಕೊಲ್ಲಿಯ ಅಂಚಿನ ಒದ್ದೆ ಮರಳೇ ರಸ್ತೆ, ನಡುವೆ ಎರಡು ಹೊಳೆಯ ಬಾಯಿ ದಾಟಿ ಬಂದು ನೇರ ಈ ಬಾಗಿಲಿಗೆ ಮುಟ್ಟುತ್ತಿದ್ದರು.

1831ರ ಕೊನೆಯಲ್ಲಿ ಈಜಿಪ್ಟಿನ ಮೆಹಮತ್ ಅಲಿಯ ಮಗ ಇಬ್ರಾಹಿಂ ಪಾಶಾ ಮುತ್ತಿಗೆ ಹಾಕಿದ. ಆರು ತಿಂಗಳು ಹಿಡಿಯಿತು, 1832ರ ಮೇ 27ಕ್ಕೆ ಊರು ಬಿತ್ತು. ಬೋನಪಾರ್ಟ್‌ಗೆ ಆಗದ್ದು ಇವನಿಗೆ ಆದದ್ದು ಹೇಗೆ ಎಂದರೆ, ನೆಲದಲ್ಲೂ ನೀರಲ್ಲೂ ಇವನ ದಂಡಿತ್ತು, ದೊಡ್ಡ ಫಿರಂಗಿಯಿತ್ತು.

1840ರ ನವೆಂಬರ್ 3ರ ಕಥೆ ಬೇರೆಯೇ. ಊರು ಆಗಲೂ ಈಜಿಪ್ಟಿನವರ ಕೈಯಲ್ಲಿತ್ತು. ಬ್ರಿಟಿಷ್, ಆಸ್ಟ್ರಿಯನ್, ಆಟೋಮನ್ ಹಡಗುಗಳು ಸಮುದ್ರದಿಂದ ಗುಂಡಿನ ಮಳೆ ಸುರಿಸಿದವು, ಅವುಗಳಲ್ಲಿ ಉಗಿಹಡಗುಗಳೂ ಇದ್ದವು. ಮೊದಲೇ ಆಳ ಅಳೆದು ನೀರಿನಲ್ಲಿ ತೇಲುಗುರುತು ಬಿಟ್ಟಿದ್ದರು. ಹಡಗು ನಿಲ್ಲುವುದು ಅಲ್ಲೇ ಎಂದುಕೊಂಡ ಕೋಟೆಯ ಗೋಲಂದಾಜರು ಫಿರಂಗಿಯನ್ನು ಆ ದೂರಕ್ಕೆ ಹೊಂದಿಸಿಟ್ಟರು. ಹಡಗುಗಳು ಗುರುತನ್ನು ದಾಟಿ ಗೋಡೆಗೆ ಇನ್ನೂ ಹತ್ತಿರ ಬಂದು ಲಂಗರು ಹಾಕಿದವು, ಕೋಟೆಯ ಗುಂಡುಗಳಲ್ಲಿ ಹೆಚ್ಚಿನವು ಹಡಗಿನ ಮೇಲಿನಿಂದ ಹಾರಿಹೋದವು. ಸಂಜೆ ನಾಲ್ಕರ ಮೇಲೆ ಕೋಟೆಯ ಮದ್ದಿನಮನೆ ಸಿಡಿಯಿತು. ಒಂದೇ ಸಲಕ್ಕೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಂದು ರಾತ್ರಿ ಉಳಿದ ದಂಡು ಊರು ಬಿಟ್ಟು ಹೋಯಿತು. ಈ ಸಲವೂ ಬಾಗಿಲನ್ನು ಯಾರೂ ಮುರಿಯಲಿಲ್ಲ. ಅಲ್ಲಿಗೆ ಕೋಟೆಯಾಗಿ ಅಕ್ಕಾದ ಕಾಲ ಮುಗಿಯಿತು, ಅದು ಸೆರೆಮನೆಯ ಊರಾಯಿತು. ಬಹಾಯಿ ಧರ್ಮದ ಸ್ಥಾಪಕ ಬಹಾವುಲ್ಲಾ ಅವರನ್ನು 1868ರ ಆಗಸ್ಟ್ 31ರಂದು ಸಮುದ್ರದ ಬಾಗಿಲಿನಿಂದ ಒಳತಂದರು. ಗೋಡೆಯ ಹೊರಗೆ ವಾಸಿಸಲು ಅವರು ಹೋದದ್ದು ಒಂಬತ್ತು ವರ್ಷದ ಮೇಲೆ, 1877ರಲ್ಲಿ.

1910ರಲ್ಲಿ ಉತ್ತರದ ಗೋಡೆಯನ್ನು ಒಡೆದು ಹೊಸ ದಾರಿ ಮಾಡಿದರು. ಬಾಗಿಲಿನ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ವರ್ಷ ಇದು, 1799 ಅಲ್ಲ. ಹಳೇ ಕೋಟೆಬಾಗಿಲುಗಳನ್ನು ಹೆಚ್ಚಾಗಿ ಕೊಂದದ್ದು ಫಿರಂಗಿಯಲ್ಲ, ಗಾಡಿ. ಬೆಲ್‌ಗ್ರೇಡಿನ ಸ್ತಂಬೋಲ್ ಬಾಗಿಲು ಎಷ್ಟೋ ಯುದ್ಧ ದಾಟಿ ಬಂದು, 1860ರ ದಶಕದಲ್ಲಿ ಆಟೋಮನ್ನರು ಊರು ಬಿಡುವ ಹೊತ್ತಿಗೆ ನೆಲಸಮವಾಯಿತು. ಜೆರುಸಲೇಮಿನ ಯಾಫಾ ಬಾಗಿಲಿಗೆ ಅಕ್ಕಾದ್ದೇ ಭಾಗ್ಯ. 1538ರ ಆ ಬಾಗಿಲಲ್ಲಿ ಒಳಹೋಗುವಾಗ ಲಂಬಕೋನದಲ್ಲಿ ತಿರುಗಬೇಕು, ಸಾರೋಟು ತಿರುಗದು. 1898ರಲ್ಲಿ ಜರ್ಮನಿಯ ಕೈಸರ್ ಎರಡನೇ ವಿಲ್‌ಹೆಲ್ಮ್ ಬರುವಾಗ ಬಾಗಿಲನ್ನು ಮುಟ್ಟದೆ, ಪಕ್ಕದ ಗೋಡೆ ಒಡೆದು ಕಂದಕ ಮುಚ್ಚಿ ದಾರಿ ಮಾಡಿದರು. ಇವತ್ತು ಕಾರುಗಳು ಹೋಗುವುದು ಆ ಕಂಡಿಯಲ್ಲಿ. ಬಾಗಿಲು ಉಳಿಸಿಕೊಳ್ಳಬೇಕೆಂದರೆ ಗೋಡೆಯನ್ನು ಒಂದಿಷ್ಟು ಬಿಟ್ಟುಕೊಡಬೇಕಾಗುತ್ತದೆ, ಇದು ನೋವಿನ ವ್ಯಾಪಾರ, ಆದರೂ ಒಳ್ಳೆಯ ವ್ಯಾಪಾರ.

ಆಟೋಮನ್ ಆಳ್ವಿಕೆ ಅಲ್ಲಿ ಮುಗಿದದ್ದು 1918ರ ಸೆಪ್ಟೆಂಬರ್ 23ರಂದು. ಅಕ್ಕಾ, ಹೈಫಾ ಎರಡೂ ಅದೇ ದಿನ ಬ್ರಿಟಿಷ್ ಕಡೆಯ ಕುದುರೆ ದಂಡಿನ ಕೈಸೇರಿದವು. ಕೊಲ್ಲಿಯ ಆಚೆ ದಡದ ಹೈಫಾದಲ್ಲಿ ಹೋರಾಡಿದವರು ಜೋಧಪುರದ ಮತ್ತು ನಮ್ಮ ಮೈಸೂರಿನ ಲ್ಯಾನ್ಸರ್‌ಗಳು, ಅಂದರೆ ಭರ್ಜಿ ಹಿಡಿದ ಕುದುರೆ ಸವಾರರು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ಏರಿಹೋಗಿ ದಾರಿ ತೆರವು ಮಾಡಿದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಸೈನಿಕರಲ್ಲಿ ಒಬ್ಬ ಮೈಸೂರಿನವನು.

ಕೊನೆಯದಾಗಿ ಕಲ್ಲಿನ ವಿಷಯ. ಅಕ್ಕಾದ ಕಟ್ಟಡಗಳ ಕಲ್ಲು ಕುರ್ಕರ್, ಮರಳು ಹೆಪ್ಪುಗಟ್ಟಿ ಆದ ಕರಾವಳಿಯ ಕಲ್ಲು. ಕಡಿಯಲು ಸುಲಭ, ಮೈಯೆಲ್ಲ ಸಣ್ಣ ರಂಧ್ರ. ಸಮುದ್ರದ ಉಪ್ಪುನೀರು ರಂಧ್ರದಲ್ಲಿ ಸೇರುತ್ತದೆ, ಬಿಸಿಲಿಗೆ ನೀರು ಆರಿ ಉಪ್ಪು ಹರಳಾಗುತ್ತದೆ, ಹರಳು ಬೆಳೆದು ಕಲ್ಲಿನ ಮೈಯನ್ನು ಪುಡಿಪುಡಿಯಾಗಿ ಉದುರಿಸುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಇಂಥ ಕಟ್ಟಡಗಳಿಗೆ ಸಿಮೆಂಟ್ ಮೆತ್ತಿ ರಿಪೇರಿ ಮಾಡಿದ್ದು ದೊಡ್ಡ ತಪ್ಪು. ಸಿಮೆಂಟ್ ಕಲ್ಲಿಗಿಂತ ಗಡುಸು, ತೇವವನ್ನು ಹೊರಬಿಡದು. ಸಂದಿಯಲ್ಲಿ ಆರಬೇಕಾದ ನೀರು ಕಲ್ಲಿನಲ್ಲೇ ಆರುತ್ತದೆ. ಕೆಲವು ವರ್ಷಕ್ಕೆ ಸಿಮೆಂಟ್ ಗೆರೆ ಜೇನುಗೂಡಿನ ಹಾಗೆ ಎದ್ದು ನಿಂತು, ನಡುವಿನ ಕಲ್ಲು ಗುಳಿ ಬೀಳುತ್ತದೆ. ಸರಿಯಾದ ಕ್ರಮ ಹೀಗೆ: ಸಿಮೆಂಟನ್ನು ಯಂತ್ರವಿಲ್ಲದೆ ಉಳಿಯಿಂದ ಬಿಡಿಸುವುದು, ಬೇರು ಬಿಟ್ಟ ಗಿಡಗಳನ್ನು ಎಳೆಯದೆ ಕತ್ತರಿಸಿ ಬೇರು ಸಾಯಿಸುವುದು (ಎಳೆದರೆ ಕಲ್ಲೇ ಬರುತ್ತದೆ), ಒದ್ದೆ ಕಾಗದದ ತಿರುಳನ್ನು ಕಲ್ಲಿಗೆ ಮೆತ್ತಿ ಉಪ್ಪು ಹೀರಿಸುವುದು, ಒಣಗಿದಂತೆ ಬದಲಿಸುತ್ತ ಹೋಗುವುದು, ಆಮೇಲೆ ಸುಣ್ಣದ ಗಾರೆಯಿಂದ ಸಂದು ತುಂಬುವುದು. ಗಾರೆಗೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದರೆ ತೇವದಲ್ಲೂ ಗಟ್ಟಿಯಾಗುತ್ತದೆ. ನಮ್ಮಲ್ಲಿ ಅದಕ್ಕೆ ಸುರ್ಕಿ ಎನ್ನುತ್ತೇವೆ, ತುರ್ಕರು ಹೊರಸಾನ್ ಎನ್ನುತ್ತಾರೆ. ಕಬ್ಬಿಣದ ತಗಡಿನ ಕದಕ್ಕೂ ಉಪ್ಪುಗಾಳಿಯೇ ಶತ್ರು. ಮೊಳೆ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಮೊಳೆ ಮರವನ್ನು ಸೀಳುತ್ತದೆ.

ಅಲ್ಲಿಗೆ ಹೋಗುವವರಿದ್ದರೆ ಬೆಳಗ್ಗೆ ಹೋಗಿ. ಬಾಗಿಲು ಇರುವುದು ಪೂರ್ವದ ಗೋಡೆಯಲ್ಲಿ, ಎಳೆಬಿಸಿಲು ಓರೆಯಾಗಿ ಬಿದ್ದಾಗ ಉಳಿಯ ಗುರುತು, ಬೇರೆ ಬೇರೆ ಕಾಲದ ಕಲ್ಲು, ಸಿಮೆಂಟ್ ಎಲ್ಲಿ, ಗಾರೆ ಎಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಆಮೇಲೆ ಗೋಡೆಯ ಗುಂಟ ಉತ್ತರಕ್ಕೆ ನಡೆದು ಬುರ್ಜ್ ಅಲ್-ಕುಮಾಂದರ್ ಹತ್ತಿ, ಬೋನಪಾರ್ಟ್‌ನ ದಂಡು ಇದ್ದ ಬಯಲಿನ ಕಡೆ ಮುಖ ಮಾಡಿ ನಿಂತು, ಬಲಕ್ಕೆ ತಿರುಗಿ ನೋಡಿ. ಬಾಗಿಲು ಎಷ್ಟು ದೂರ, ಸಮುದ್ರ ಅದಕ್ಕೆ ಎಷ್ಟು ಹತ್ತಿರ ಎಂದು ಅಲ್ಲಿಂದ ಒಂದೇ ನೋಟಕ್ಕೆ ತಿಳಿಯುತ್ತದೆ.